ಅಡಿಮೇಲು

ಹೆಸರು ಕೇಳಿದರು. ದಾದಾಪೀರ್ ಅಂದೆ.
ತಂದೆ ಬುಡೇನ್ ಸಾಬ್, ಊರು ಭರಮಸಾಗರ,
ಕೆಲಸ ಹಿಟಾಚಿ ಓಡಿಸೋದು.
ಸತ್ಯವನ್ನೇ ಹೇಳುತ್ತೇನೆ ಅಂತ ಹೇಳಿಸಿದರು.
ಕೋರ್ಟಿನ ಕಿಟಕಿಯಾಚೆ ದುರ್ಗದ ಬಂಡೆ,
ನನ್ನ ಬಕೆಟ್ಟಿನ ಹಲ್ಲಿಗೆ ಬಗ್ಗದ್ದು.

ಕಂಪನಿ ವಕೀಲರು ಮೆತ್ತಗಿನ ದನಿಯವರು.
ಗ್ಯಾಸ್ ಪೈಪು ಇಳಿಸಿದ ಮೇಲೆ ಗುಂಡಿ ಮುಚ್ಚಿದ್ದು ನೀವೇ?
ನಾನೇ.
ಪೂರ್ತಿ?
ಪೂರ್ತಿ.
ಒಂದು ಗೇಣು ತಗ್ಗೂ ಬಿಟ್ಟಿಲ್ಲ?
ಇಲ್ಲ.
ಅಂದಮೇಲೆ ಹೊಲ ಮೊದಲಿದ್ದ ಹಾಗೇ ಇದೆ.
ಅದು ಪ್ರಶ್ನೆಯೋ ಅಲ್ಲವೋ ತಿಳಿಯಲಿಲ್ಲ, ಸುಮ್ಮನಿದ್ದೆ.
ಟೈಪು ಮಾಡುವ ಹುಡುಗಿ ಬೆರಳು ಎತ್ತಿಕೊಂಡು ಕಾದಳು.

ಹೊಲ ಓಬಳಮ್ಮನದು.
ಮೇಲೆ ಎರಡು ಮೊಳ ಎರೆ, ಕಾಡಿಗೆಯಂಥದ್ದು.
ಕೆಳಗೆ ಸೇಡಿ. ಅದರ ಕೆಳಗೆ ಗರಸು.
ಕಾಗದದಲ್ಲಿ ಬರೆದಿತ್ತು:
ಮೇಲಿನ ಮಣ್ಣು ಒಂದು ಗುಡ್ಡೆ, ಕೆಳಗಿನದು ಇನ್ನೊಂದು,
ಮುಚ್ಚುವಾಗ ಯಾವುದು ಎಲ್ಲಿತ್ತೋ ಅಲ್ಲಿಗೆ.
ಎರಡು ಸಾಲು. ಮಗುವಿಗೂ ತಿಳಿಯುವಂಥ ಎರಡು ಸಾಲು.

ಅವತ್ತು ವೆಲ್ಡಿಂಗಿನವರು ನಮ್ಮನ್ನು ದಾಟಿ ಮುಂದೆ ಹೋಗಿದ್ದರು.
ಸಂಜೆಯೊಳಗೆ ನಾನೂರು ಮೀಟರು ಆಗಬೇಕು,
ಡೀಸೆಲ್ ಲೆಕ್ಕ ಒಪ್ಪಿಸಬೇಕು,
ಸೂಪರ್‌ವೈಸರ್ ನೆರಳಲ್ಲಿ ನಿಂತು ಕೂಗಿದ:
"ಒಂದೇ ಗುಡ್ಡೆ ಹಾಕು ಮಾರಾಯ,
ಮಣ್ಣಲ್ಲೂ ಮೇಲು ಕೀಳು ಅಂತೀಯಲ್ಲೋ!"
ಎಲ್ಲರೂ ನಕ್ಕರು.
ನಾನೂ ನಕ್ಕೆ, ನಗುತ್ತಲೇ ಲಿವರು ಎಳೆದೆ.

ಓಬಳಮ್ಮ ಬದುವಿನ ಮೇಲಿಂದ ಇಳಿದು ಬಂದು
ಬಿಳಿ ಹೆಂಟೆಯೊಂದನ್ನು ಎತ್ತಿ
ನನ್ನ ಗಾಡಿಯ ಚೈನಿನ ಮೇಲಿಟ್ಟಳು.
"ಇದು ಮಲಗಿದ್ದ ಮಣ್ಣು ತಮ್ಮಾ. ಯಾಕೆ ಎಬ್ಬಿಸಿದೆ?"

ಈಗ ಕಪ್ಪು ಹೊಲದ ನಡುವೆ
ಉದ್ದಕ್ಕೂ ಒಂದು ಬಿಳಿ ಬೈತಲೆ.
ಎರಡೂ ಕಡೆ ಈರುಳ್ಳಿ ಹಿಡಿ ತುಂಬುತ್ತದೆ,
ಬೈತಲೆಯಲ್ಲಿ ಗೋಲಿಗಾತ್ರ.
ಮೂರು ವರ್ಷ, ಮೂರು ಬೆಳೆ.
ಕಂಪನಿ ಕೊಟ್ಟದ್ದು ಒಂದರ ದುಡ್ಡು.
"ಭೂಮಿ ನಿಮ್ಮದೇ ಅಮ್ಮಾ, ಪಹಣೀಲಿ ನಿಮ್ಮ ಹೆಸರೇ ಇದೆ,
ಕೆಳಗೆ ಬಳಸೋ ಹಕ್ಕಷ್ಟೇ ನಮ್ಮದು."
ನಷ್ಟ ಕೇಳಿದರೆ ಗುತ್ತಿಗೆದಾರನ ಕಡೆ ಕೈ,
ಅವನದು ತುಂಡುಗುತ್ತಿಗೆಯವನ ಕಡೆ,
ತುಂಡುಗುತ್ತಿಗೆಯವನ ಫೋನು ಸ್ವಿಚ್ ಆಫ್,
ಸೂಪರ್‌ವೈಸರ್ ಗುಜರಾತಿನಲ್ಲೆಲ್ಲೋ ಇದ್ದಾನಂತೆ.
ಸಮನ್ಸು ಹುಡುಕಿಕೊಂಡು ಬಂದಾಗ
ಮನೆಯಲ್ಲಿ ಸಿಕ್ಕವನು ನಾನೊಬ್ಬ.

ಓಬಳಮ್ಮ ಎರಡು ಹಾರ್ಲಿಕ್ಸ್ ಬಾಟಲಿ ತಂದಿದ್ದಳು,
ಒಂದರಲ್ಲಿ ಎರೆ, ಒಂದರಲ್ಲಿ ಸೇಡಿ.
ಯಾವ ಹೊಲದ್ದು ಅಂತ ಏನು ಗ್ಯಾರಂಟಿ, ಅಂದರು ವಕೀಲರು.
ಬಾಟಲಿಗಳು ಅವಳ ಮಡಿಲಿಗೇ ವಾಪಸಾದವು.

ಸಾಹೇಬರು ಕನ್ನಡಕ ತೆಗೆದು ನನ್ನನ್ನೇ ಕೇಳಿದರು,
ನೀವು ಅಲ್ಲಿದ್ದಿರಿ. ಏನಾಯಿತು?
ಕೈ ತಾನಾಗಿ ಮೇಲೆದ್ದಿತು.
ಅಂಗೈ ಮೇಲಿದ್ದದ್ದನ್ನು ಮಗುಚಿ ಕೆಳಗೆ ಮಾಡಿ ತೋರಿಸಿದೆ.
"ಬಾಯಲ್ಲಿ ಹೇಳಿ."
"ಅಡಿಮೇಲು ಮಾಡಿದೆ, ಸ್ವಾಮಿ."
ಅವರು ಅದನ್ನು ಇಂಗ್ಲಿಷಿನಲ್ಲಿ ಬರೆಸಿದರು.
ಬಹಳ ಹೊತ್ತು ಬರೆಸಿದರು.
ನನ್ನದು ಒಂದೇ ಪದವಿತ್ತು.

ಹೊರಗೆ ಹೊಂಗೆಯ ಕೆಳಗೆ ಅವಳು ಸಿಕ್ಕಳು.
ಸಿಟ್ಟಿಲ್ಲ. ಎಲೆಗೆ ಸುಣ್ಣ ಹಚ್ಚುತ್ತಿದ್ದಳು.
ಮತ್ತೆ ತಿರುವಿ ಹಾಕೋಕಾಗಲ್ವಾ?
ಪೈಪಿದೆಯಮ್ಮಾ, ಈಗ ಅಲ್ಲಿ ಮಿಷನ್ನು ತರುವ ಹಾಗಿಲ್ಲ.
ಹಂಗಾರೆ ತಾನಾಗೇ ಕಪ್ಪಾಗೋಕೆ ಎಷ್ಟು ವರ್ಷ ಬೇಕು?

ವರ್ಷದ ಲೆಕ್ಕ ನನಗೆ ಗೊತ್ತಿಲ್ಲ.
ನನ್ನ ಗಾಡಿಯಲ್ಲಿರೋದು ಗಂಟೆ ಮೀಟರು.
ಅವತ್ತು ಅದು ಆರೂವರೆ ಓಡಿತ್ತು,
ಊಟದ ಹೊತ್ತು ಬಿಟ್ಟು.